ಕೊನೆಯ ತಾಟು

ಮುಂಬಯಿಯ ಲೋಕಲ್ ರೈಲಿನ ಕಿಟಕಿಯ ಮೇಲೆ ಅಂಟಿಸಿದ್ದ ಚಿತ್ರದೊಳಗಿನ ಮುದುಕನ ಬೆನ್ನು ಅಷ್ಟೊಂದು ಬಾಗಬೇಕಾಗಿರಲಿಲ್ಲ ಎಂದು ಶಿವಪುತ್ರಪ್ಪ ಮಾಸ್ತರರಿಗೆ ಅನ್ನಿಸಿತು. ಇದು ಹಿರಿಯರ ಸೀಟು ಎಂದು ತಿಳಿಸಲು ರೇಲ್ವೆಯವರು ಬರೆಸಿದ ಚಿತ್ರ. ತಲೆ ಎಂದರೆ ಒಂದು ಬೊಟ್ಟು, ಮೈ ಎಂದರೆ ಒಂದು ಕುಡುಗೋಲು, ಕೈಯಲ್ಲಿ ಕೋಲು. ಮಾಸ್ತರರಿಗೆ ಎಪ್ಪತ್ತೈದು ದಾಟಿದ್ದರೂ ಬೆನ್ನು ಕಂಬದಂತಿತ್ತು. ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ಹಲಗೆಯ ಮುಂದೆ ನಿಂತು ಚಿತ್ರಕಲೆ ಕಲಿಸಿದ ಬೆನ್ನು. ಈಗ ಅದೇ ತೊಡಕಾಯಿತು. ಆ ಸೀಟಿನಲ್ಲಿ ಕುಳಿತಿದ್ದ ದಪ್ಪನೆಯ ಗೃಹಸ್ಥ ಒಮ್ಮೆ ಚಿತ್ರವನ್ನು ನೋಡಿದ, ಒಮ್ಮೆ ಮಾಸ್ತರರನ್ನು ನೋಡಿದ, ಎರಡಕ್ಕೂ ತಾಳೆಯಾಗುವುದಿಲ್ಲವೆಂದು ತೀರ್ಮಾನಿಸಿ ಮತ್ತೆ ಮೊಬೈಲಿನೊಳಕ್ಕೆ ಇಳಿದ. ಗೋರೆಗಾಂವ್ ಹೋಯಿತು. ಮಲಾಡ್ ಬರುವ ಹೊತ್ತಿಗೆ ಮೊಣಕಾಲು ಸೋತು, ಮಾಸ್ತರರು ಯಾರ ಗಮನಕ್ಕೂ ಬಾರದಂತೆ ಸ್ವಲ್ಪ ಬಾಗಿದರು. ಇನ್ನೂ ಸ್ವಲ್ಪ. ಕೋಲಿನ ಕೊರತೆಯನ್ನು ಕೊಡೆಯಿಂದ ತುಂಬಿದರು. ಗೃಹಸ್ಥ ದಿಗ್ಗನೆ ಎದ್ದು, "ಬೈಠಿಯೇ ಬಾಬಾ" ಎಂದ. ಕುಳಿತ ಮೇಲೆ ಮಾಸ್ತರರಿಗೆ ನಾಚಿಕೆಯಾಯಿತು. ಶಿವಾ ಶಿವಾ, ಚಿತ್ರ ಮನುಷ್ಯನ ಹಾಗೆ ಇರಬೇಕೆಂದು ಹುಡುಗರಿಗೆ ಕಲಿಸಿದವನು ನಾನು. ಈಗ ಚಿತ್ರದ ಹಾಗೆ ಇರಲು ನಾನೇ ಕಲಿತೆನಲ್ಲ.

ಹಿಂದಿನ ಲೇಡೀಸ್ ಡಬ್ಬಿಯಲ್ಲಿ ಸೊಸೆ ಸೋನಾಲಿ ಇದ್ದಳು. ಬೊರಿವಲಿಯ ಕಾಲೇಜೊಂದರಲ್ಲಿ ಆಕೆ ಪಾಠ ಹೇಳುತ್ತಾಳೆ. ಅಲ್ಲಿ ಇಂದು ಇನ್ಫೋಗ್ರಾಫಿಕ್ ಸ್ಪರ್ಧೆ. ಮೂವರು ಪರೀಕ್ಷಕರಲ್ಲಿ ಒಬ್ಬರಿಗೆ ಡೆಂಗ್ಯೂ ಬಂದು, ಆ ಜಾಗಕ್ಕೆ ಮಾವನನ್ನು ಎಳೆದು ತಂದಿದ್ದಳು. "ಅಪ್ಪಾ, ನೀವು ಶಾಲೆಗೆ ಚಾರ್ಟ್ ಬರೀತಿದ್ರಿ ನಾ? ತಸಚ್, ಹಾಗೇ. ಆದರೆ ಕಂಪ್ಯೂಟರದಾಗೆ. ಸಮಾಜದ ಪ್ರಾಬ್ಲೆಮ್ ಇರ್ತಾವೆ, ಅಂಕಿ ಅಸತಾತ್, ಚಿತ್ರ ಅಸತಾತ್" ಎಂದು ಮರಾಠಿಯ ಅಂಗಳದಲ್ಲಿ ಕನ್ನಡವನ್ನು ಓಡಾಡಿಸುತ್ತ ವಿವರಿಸಿದ್ದಳು. "ಅಂದರ ಅಂಕಿಗೂ ಚಿತ್ರಕ್ಕೂ ಲಗ್ನ ಮಾಡಿದ್ದು" ಎಂದು ಮಾಸ್ತರರು ಹೇಳಿದಾಗ, "ಹಾ, ತೇಚ್!" ಎಂದು ಕೈ ತಟ್ಟಿದ್ದಳು. ಹೋದ ಶ್ರಾವಣದಲ್ಲಿ ಚಂದ್ರವ್ವ ಲಿಂಗೈಕ್ಯಳಾದಾಗಿನಿಂದ ಅವರು ಜೋಗೇಶ್ವರಿಯ ಬಿಲ್ಡಿಂಗು ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಇದು ತಮ್ಮನ್ನು ಹೊರಗೆ ತರುವ ಉಪಾಯವೆಂದು ಅವರಿಗೆ ಗೊತ್ತಿತ್ತು. ಸೊಸೆ ಒಳ್ಳೆಯವಳು. ಆದರೆ ಒಂದು ಮಾತು ಮುಳ್ಳಿನಂತೆ ಉಳಿದುಬಿಟ್ಟಿತ್ತು: ಅವರು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿರುವಾಗಲೇ ಆಕೆ ಅಡಿಗೆಮನೆಯಲ್ಲಿ ನಿಂತು, ಚಮಚೆಯ ಸದ್ದು ಮಾಡುತ್ತ ಅವಲಕ್ಕಿಯ ಪೋಹೆ ತಿಂದುಬಿಡುತ್ತಿದ್ದಳು. ಹಿರಿಯರು ಉಣ್ಣುವ ಮೊದಲೇ! ಚಂದ್ರವ್ವನ ಬಾಯಲ್ಲಿ ಅವರಿಗಿಂತ ಮೊದಲು ನೀರಿನ ಹನಿ ಬಿದ್ದದ್ದನ್ನು ಕಂಡವರಿಲ್ಲ. ಇದನ್ನು ಅವರು ಹೇಳಲಿಲ್ಲ. ಹೇಳದೆ ಇದ್ದುದನ್ನೇ ದೊಡ್ಡ ಔದಾರ್ಯವೆಂದು ಎಣಿಸಿಕೊಂಡಿದ್ದರು.

ಇಂದು ಇನ್ನೊಂದು ಊನವೂ ಆಗಿತ್ತು. ದಿನಾ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಅದೇ ಮೂರು ಬೆರಳುಗಳಿಂದ ಗೋಡೆಯ ಮೇಲಿನ ಚಂದ್ರವ್ವನ ಫೋಟೋದ ಗಾಜಿಗೂ ಮೂರು ಗೆರೆ ಎಳೆಯುವುದು ಅವರ ರೂಢಿ. ಫೋಟೋ ಅವರ ಹಣೆಯ ಎತ್ತರಕ್ಕೇ ಇತ್ತು. ಕೈ ತಾನಾಗಿ ಹೋಗುತ್ತಿತ್ತು. ಇಂದು ಹಣೆಯಾಯಿತು, ಅಷ್ಟರಲ್ಲಿ ಸೋನಾಲಿ, "ಅಪ್ಪಾ, ಟ್ರೇನ್!" ಎಂದು ಕೂಗಿದಳು. ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ಹಾಗೆಯೇ ಜುಬ್ಬದ ಜೇಬಿಗೆ ಹಾಕಿಕೊಂಡು ಹೊರಟಿದ್ದರು. ಗಾಡಿಯಲ್ಲಿ ಕುಳಿತು ಜೇಬಿನೊಳಗೆ ಅದನ್ನು ಉಜ್ಜುತ್ತಿದ್ದರು. ಬೆರಳುಗಳಿಗೆ ಒಂದು ಕೆಲಸ ಬಾಕಿ ಇತ್ತು.

ಕಾಲೇಜಿನ ಹಾಲಿನಲ್ಲಿ ಉದ್ದಕ್ಕೂ ಹಲಗೆಗಳನ್ನು ನಿಲ್ಲಿಸಿ ಹುಡುಗರ ಚಿತ್ರಗಳನ್ನು ತೂಗುಹಾಕಿದ್ದರು. ಸೋನಾಲಿ ಉಳಿದ ಇಬ್ಬರು ಪರೀಕ್ಷಕರನ್ನು ಪರಿಚಯಿಸಿ ತನ್ನ ಕ್ಲಾಸಿಗೆ ಓಡಿದಳು. ಒಬ್ಬ ತಿಲಕ್, ಜಾಹೀರಾತು ಕಂಪನಿಯೊಂದರ ಡಿಸೈನರ್, ಕರಾವಳಿಯ ಹೋಟೆಲಿನವರ ಮನೆತನದಲ್ಲಿ ಮುಂಬಯಿಯಲ್ಲೇ ಹುಟ್ಟಿದವನು. ಕೂದಲನ್ನು ಮೇಲೆತ್ತಿ ತುರುಬು ಕಟ್ಟಿದ್ದ. ಇನ್ನೊಬ್ಬರು ನೀಲಾಬಾಯಿ, ಹೆಂಗಸರ ಬಚತ್ ಗಟ, ಅಂದರೆ ಉಳಿತಾಯದ ಸಂಘ, ನಡೆಸುವವರು. ಇಂದಿನ ಊಟದ ಗುತ್ತಿಗೆಯೂ ಅವರದೇ ಆಗಿದ್ದರಿಂದ ಒಂದು ಕಣ್ಣು ಚಿತ್ರದ ಮೇಲೆ, ಒಂದು ಕಣ್ಣು ಹಿಂಬಾಗಿಲಿನ ಮೇಲೆ ಇಟ್ಟಿದ್ದರು. ತಿಲಕ್ ಮಾಸ್ತರರ ಕೈ ಕುಲುಕಿ, "ಸರ್, ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಬರ್ತದೆ, ಅಡ್ಜಸ್ಟ್ ಮಾಡಿ" ಎಂದ. ಬಣ್ಣ, ಅಕ್ಷರ, ಓದಿಸುವ ಕ್ರಮ, ನಿಖರತೆ, ಹೀಗೆ ಒಂದೊಂದಕ್ಕೆ ಹತ್ತರಂತೆ ಅಂಕ ಕೊಡಬೇಕು.

ಮೊದಲಿಗೆ ಮಾಸ್ತರರಿಗೆ ಉಲ್ಲಾಸವಾಯಿತು. ಕೆಂಪು ಪೆನ್ನು ಕೈಗೆ ಬಂದೊಡನೆ ಮೈಯಲ್ಲಿ ಹಳೆಯ ಶಾಲೆಯ ಗಂಟೆ ಹೊಡೆದ ಹಾಗಾಯಿತು. ಒಬ್ಬ ಹುಡುಗ ನೀರಿನ ಕೊರತೆಯನ್ನು ಬಕೆಟ್ಟಿನಲ್ಲಿ ತೋರಿಸಿದ್ದ. ಬಕೆಟ್ಟಿನ ನಡುವೆ ಗೆರೆ ಎಳೆದು ಅರ್ಧ ಎಂದಿದ್ದ. ಬಕೆಟ್ಟು ಕೆಳಗೆ ಕಿರಿದಲ್ಲವೇನಪ್ಪಾ, ಅರ್ಧ ಹೇಗಾದೀತು? ಒಬ್ಬಾಕೆ ಬಾಲ್ಯವಿವಾಹದ ಅಂಕಿಗಳನ್ನು ಬುಂದಿಲಾಡುಗಳಲ್ಲಿ ಪೇರಿಸಿದ್ದಳು. ಲಾಡು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಇನ್ನೂ ನಾಲ್ಕು ಬಾಲ್ಯವಿವಾಹ ಆದರೂ ಚಿಂತೆಯಿಲ್ಲ ಅನ್ನಿಸುವ ಹಾಗಿತ್ತು. ರಸ್ತೆ ಅಪಘಾತಗಳನ್ನು ಒಬ್ಬ ದಪ್ಪ ಕೇಕಿನಂತೆ ಓರೆಯಾಗಿ ನಿಲ್ಲಿಸಿ ಕತ್ತರಿಸಿದ್ದ. ತಿಲಕ್ ಎದೆಯ ಮೇಲೆ ಕೈಯಿಟ್ಟು, "ತ್ರೀ-ಡಿ ಪೈ! ಸರ್, ಇದು ಅಪಘಾತದ ಚಿತ್ರ ಅಲ್ಲ, ಇದೇ ಅಪಘಾತ" ಎಂದ. ಮಾಸ್ತರರು ನಕ್ಕರು. ತಾವು ನಕ್ಕ ದನಿ ಕೇಳಿ ತಾವೇ ಬೆಚ್ಚಿದರು. ಶ್ರಾವಣದಿಂದ ಈಚೆಗೆ ಆ ದನಿ ಎಲ್ಲಿತ್ತೋ.

ಮುಂದಿನದು ಅನ್ನ ಪೋಲು ಮಾಡುವುದರ ಮೇಲೆ. ಒಂದು ದೊಡ್ಡ ಸ್ಟೀಲಿನ ತಾಟು. ಮದುವೆ ಮನೆ, ಹೋಟೆಲು, ನಮ್ಮ ನಿಮ್ಮ ಮನೆ ಎಂದು ತಾಟಿನಲ್ಲೇ ಪಾಲು ಹಾಕಿ, ಬಿಟ್ಟ ಅನ್ನವನ್ನೆಲ್ಲ ತೋರಿಸಿ, ಬದಿಗೆ ಫಳಫಳ ಹೊಳೆಯುವ ಒಂದು ಖಾಲಿ ತಾಟನ್ನು ಆದರ್ಶವೆಂದು ಒಬ್ಬ ಹುಡುಗ ಇಟ್ಟಿದ್ದ. ಮಾಸ್ತರರ ಎದೆ ತುಂಬಿತು. ಅದು ಅವರದೇ ತಾಟು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನು ಕುಡಿದು, ಒಂದು ಅಗಳೂ ನೆಲದ ಪಾಲಾಗದಂತೆ ನೋಡಿಕೊಳ್ಳುವುದು ಅಪ್ಪನಿಂದ ಬಂದ ಶಿಸ್ತು. ಲಿಂಗಕ್ಕೆ ತೋರಿಸಿದ್ದು ಪ್ರಸಾದ, ಪ್ರಸಾದಕ್ಕೆ ಎಂಜಲೆಂಬುದಿಲ್ಲ. ಸಹೋದ್ಯೋಗಿಗಳು ಡಬ್ಬಿ ತೊಳೆದು ಕುಡಿಯುವ ಮಾಸ್ತರ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಈಗ ನೋಡಿ, ಅವರದೇ ಪಂಥ ಗೆದ್ದು ಗೋಡೆಯೇರಿದೆ. ನಿಖರತೆಗೆ ಹತ್ತು. ಬಣ್ಣಕ್ಕೆ ಹತ್ತು. ಯೋಚಿಸದೆ ಉಳಿದೆರಡಕ್ಕೂ ಹತ್ತು. ತಿಲಕ್ ಇಣುಕಿ ನೋಡಿ, "ಸರ್ ಫುಲ್ ಫಾರ್ಮಿನಲ್ಲಿದ್ದಾರೆ" ಎಂದ.

ಆ ಹಲಗೆಯ ಬೆನ್ನಿಗೇ, ಕಂಬದ ಮರೆಯಲ್ಲಿ, ಕೊನೆಯ ಚಿತ್ರವಿತ್ತು. ಬರೆದವಳ ಹೆಸರು ರಂಜನಾ ಎಂದಿತ್ತು. ಮನೆಯಲ್ಲಿ ಯಾರು ಯಾವಾಗ ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ತನ್ನ ಓಣಿಯ ಮನೆಮನೆಗೂ ಹೋಗಿ ಕೇಳಿ ಬರೆದದ್ದು. ಒಂದೇ ಸಾಲಿನಲ್ಲಿ ಬೂದು ಬಣ್ಣದ ಮುಖಗಳು, ಕಣ್ಣು ಮೂಗು ಬಾಯಿ ಇಲ್ಲದ ಬರೀ ಮೊಟ್ಟೆಯಾಕಾರ: ಅಜ್ಜ, ಅಪ್ಪ, ಮಗ, ಅಜ್ಜಿ, ಮಗಳು, ಎಲ್ಲರ ಆಚೆಗೆ ಅವ್ವ. ಪ್ರತಿ ಮುಖದ ಕೆಳಗೆ ಒಂದು ತಾಟು. ತಾಟುಗಳು ಬರಬರುತ್ತ ಸಣ್ಣವಾಗಿ, ಕೊನೆಯದು ಬಟ್ಟಲಿಗಿಂತ ಕಿರಿದಾಗಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಿಂದೊಮ್ಮೆ ಮನೆಯಲ್ಲಿ ಚಂದ್ರವ್ವ ಹೀಗೇ ಒಂದು ಚಾರ್ಟಿನ ಹಾಳೆಯ ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನೆಲದ ಮೇಲೆ ಕೂತಿದ್ದಳು, ಫ್ಯಾನಿಗೆ ಹಾಳೆ ಹಾರಬಾರದೆಂದು. ಶಾಲೆಗೆ ಸಮತೋಲ ಆಹಾರದ ಚಾರ್ಟು ಬೇಕಾಗಿತ್ತು. ಅಪ್ಪ, ಅಜ್ಜ, ಮಗ, ಮಗಳು ಸುತ್ತ ಕೂತು ಉಣ್ಣುತ್ತಿರುವ ಚಿತ್ರ. ನಡುವೆ ರೊಟ್ಟಿ, ಬದನೆಕಾಯಿ ಪಲ್ಯ, ಹಾಲು, ಬಾಳೆಹಣ್ಣು. ಗಜ್ಜರಿಗೆ ಬಣ್ಣ ತುಂಬುತ್ತಿದ್ದ ಮಾಸ್ತರರನ್ನು ಅವಳು ಕೇಳಿದಳು: "ಅಡಗಿ ಮಾಡಿದಾಕಿ ಎಲ್ಲಿ ಹೋದಳ್ರೀ?" "ಒಳಗದಾಳ. ನೀಡಾಕತ್ತಾಳ." "ಆಕೀನೂ ಕೂಡ್ರಿಸ್ರಿ." "ಹಾಳ್ಯಾಗ ಜಾಗಾ ಇಲ್ಲ." ಅವಳು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಾಳಿಹಣ್ಣ ಭಾಳ ದೊಡ್ಡದಾಗೇತಿ" ಎಂದಷ್ಟೇ ಅಂದಳು. ಆ ಚಾರ್ಟಿಗೆ ವಾರ್ಡಿನಲ್ಲಿ ಬಹುಮಾನ ಬಂದಿತ್ತು.

ಇದು ಕೆಟ್ಟ ಡಿಸೈನು ಎಂದು ಮಾಸ್ತರರು ನಿರ್ಧರಿಸಿದರು. ನಿರ್ಧರಿಸಿ, ಆಮೇಲೆ ಕಾರಣ ಹುಡುಕಿದರು; ಕಾರಣ ಸಿಕ್ಕಾಗ ಬಿಸಿಲಿನಲ್ಲಿ ನೆರಳು ಸಿಕ್ಕಷ್ಟು ಹಿತವಾಯಿತು. ಕೊನೆಯ ತಾಟಿನ ಕೆಳಗೆ, ಮೊದಲಿನವರ ಅರ್ಧ ಊಟ ಎಂದು ಬರೆದಿದ್ದಾಳೆ. ಆದರೆ ತಾಟಿನ ಅಗಲವನ್ನೇ ಅರ್ಧ ಮಾಡಿದ್ದಾಳೆ. ಅಗಲ ಅರ್ಧವಾದರೆ ದುಂಡನೆಯ ತಾಟಿನಲ್ಲಿ ಹಿಡಿಯುವುದು ಕಾಲು ಭಾಗ. ಅಂದರೆ ಅರ್ಧ ಎಂದು ಬಾಯಲ್ಲಿ ಹೇಳಿ, ಕಾಲು ಎಂದು ಕಣ್ಣಿಗೆ ತೋರಿಸಿದ್ದಾಳೆ. ಉತ್ಪ್ರೇಕ್ಷೆ! ಗಂಡಸರ ಮೇಲೆ ಸುಳ್ಳು ದೂರು! ನಿಖರತೆಯ ಮುಂದೆ ಎರಡು ಎಂದು ಗಟ್ಟಿಯಾಗಿ ಒತ್ತಿ ಬರೆದರು. ಪೆನ್ನು ಕಾಗದವನ್ನು ತೂರಿ ಆಚೆ ಹೋಯಿತು. ಅಂಕ ಕೊಟ್ಟಾಯಿತು, ಇನ್ನು ಹೊರಡಬಹುದು. ಆದರೆ ಹೊರಡಲಿಲ್ಲ. ಅವ್ವ ಎಂಬ ಆ ಕೊನೆಯ ಮುಖ ಸರಿಯಾಗಿ ಅವರ ಹಣೆಯ ಎತ್ತರಕ್ಕಿತ್ತು. ಹಾಲಿನ ಟ್ಯೂಬ್‌ಲೈಟು ಹಾಳೆಯ ಮೇಲೆ ಗಾಜಿನಂತೆ ಹೊಳೆಯುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಚಂದ್ರವ್ವನ ರಕ್ತದ ರಿಪೋರ್ಟನ್ನು ಎದುರಿಗೆ ಹಿಡಿದು, "ಇಷ್ಟು ಕಡಿಮೆ ರಕ್ತ ಎಷ್ಟು ವರ್ಷದಿಂದ? ಊಟ ಏನು ಮಾಡತಾರೆ ಇವರು?" ಎಂದು ಕೇಳಿದಾಗ, ಮಾಸ್ತರರು ಕೆಂಪು ಅಕ್ಷರಗಳ ಬಣ್ಣ ಅಚ್ಚಿನಲ್ಲಿ ಪಕ್ಕಕ್ಕೆ ಸರಿದಿರುವುದನ್ನು ನೋಡುತ್ತಿದ್ದರು. ಊಟ ಏನು ಮಾಡುತ್ತಾಳೆ? ಎಲ್ಲರ ಹಾಗೆ ಮಾಡುತ್ತಾಳೆ. ಎಲ್ಲರ ಹಾಗೆ ಎಂದೇ ಹೇಳಿದ್ದರು. ಬೆರಳು ಜೇಬಿನಿಂದ ಹೊರಗೆ ಬಂದದ್ದು ಅವರಿಗೆ ತಿಳಿಯಲಿಲ್ಲ. ತಿಳಿದಾಗ ಬೂದು ಮುಖದ ಹಣೆಯ ಮೇಲೆ ಮೂರು ಬಿಳಿಯ ಗೆರೆಗಳು ಅಚ್ಚುಕಟ್ಟಾಗಿ ಮೂಡಿದ್ದವು.

ಪರೀಕ್ಷಕನಾಗಿ ಬಂದವನು ಪರೀಕ್ಷೆಯ ಕಾಗದದ ಮೇಲೆಯೇ ಬರೆದಂತಾಯಿತು! ಮಾಸ್ತರರು ಅತ್ತಿತ್ತ ನೋಡಿ, ಕರವಸ್ತ್ರದಿಂದ ಮೆಲ್ಲಗೆ ಒರೆಸಹೋದರು, ಕೈ ಏಳಲಿಲ್ಲ. ಮುತ್ತೈದೆಯಾಗಿ ಹೋದವಳ ಹಣೆ ಒರೆಸುವುದೇ? ಅಯ್ಯೋ, ಇದು ಕಾಗದವಯ್ಯಾ ಎಂದು ತಮಗೆ ತಾವೇ ಹೇಳಿಕೊಂಡರು. ಆದರೂ ಕೈ ಏಳಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ತಿಲಕನ ಬೂಟು ಕಿರುಗುಟ್ಟಿತು. ಮಾಸ್ತರರು ಕರವಸ್ತ್ರದಿಂದ ತಮ್ಮ ಮೂಗನ್ನೇ ಒರೆಸಿಕೊಂಡು, ಕಂಬದ ಪಕ್ಕಕ್ಕೆ ಸರಿದು ನಿಂತರು.

ತಿಲಕ್ ಹೊಟ್ಟೆಯ ಮೇಲೆ ಕೈಕಟ್ಟಿ ತಾಟುಗಳನ್ನು ನೋಡಿದ. "ಪ್ಲೇಟ್ ಸೈಜ್ ತಪ್ಪುಂಟು. ಅರ್ಧ ಅಂತ ಹೇಳಿ ಕಾಲು ತೋರಿಸ್ತಾಳೆ. ಬಿಗಿನರ್ ಮಿಸ್ಟೇಕ್" ಎಂದು ಮುಂದಕ್ಕೆ ಹೆಜ್ಜೆ ಇಟ್ಟವನು ನಿಂತ. ಹಿಂದಕ್ಕೆ ಬಂದ. ಮೂಗು ಹಾಳೆಗೆ ತಾಗುವಷ್ಟು ಬಗ್ಗಿದ. "ಓ ಹೋ ಹೋ. ಸರ್! ಇದು ಕಂಡಿರಾ?"

"ಏನಪಾ?" ಎಂದರು ಮಾಸ್ತರರು. ಸ್ವರ ಸಣ್ಣಗಾಗಿತ್ತು.

"ಮೂರು ಗೆರೆ! ಮ್ಯಾಪಿನಲ್ಲಿ ಯಾವ ಜಿಲ್ಲೆಯ ಮಾಹಿತಿ ಸಿಕ್ಕಲಿಲ್ವೋ ಅದಕ್ಕೆ ಗೆರೆ ಹೊಡೀತಾರೆ ಸರ್. ಬಣ್ಣ ಇಲ್ಲ, ಬರೀ ಗೆರೆ. ನೋ ಡೇಟಾ ಅಂತ. ಅಂದ್ರೆ ಅಲ್ಲಿ ಯಾರೂ ಹೋಗಿ ಕೇಳಲಿಲ್ಲ. ಇವಳು ಎಲ್ಲರಿಗೂ ಬಿಟ್ಟು ಬರೀ ಅಮ್ಮನ ಮುಖಕ್ಕೆ ಹಾಕಿದ್ದಾಳೆ. ಎಷ್ಟು ಉಂಡಿ ಅಂತ ಅವಳನ್ನ ಒಬ್ರೂ ಕೇಳ್ಲಿಲ್ಲ! ಅದೂ ಪ್ರಿಂಟ್ ಅಲ್ಲ, ಕೈಯಿಂದ. ಜೀನಿಯಸ್ ಸರ್! ಫಸ್ಟ್ ಪ್ರೈಜ್ ಇದಕ್ಕೇ!"

ಮಾಸ್ತರರು ಕಂಬಕ್ಕೆ ಒರಗಿದರು. ಯಾರೂ ಹೋಗಿ ಕೇಳಲಿಲ್ಲ. ತುರುಬು ಕಟ್ಟಿದ ಈ ಹುಡುಗ ಎಲ್ಲಿ ಕಲಿತ ಇದನ್ನು? ಕೇಳಲಿಲ್ಲ, ನಿಜ. ಕೇಳುವುದಾದರೂ ಯಾತಕ್ಕೆ, ಅಡಿಗೆಮನೆ ಅವಳದೇ, ಹಿಟ್ಟಿನ ಡಬ್ಬಿ ಅವಳದೇ, ತುಪ್ಪದ ಗಿಂಡಿ ಅವಳ ಕೈಯಲ್ಲೇ. ಮನೆಗೆ ಬಂದ ಸ್ವಾಮಿಗಳಿಗೆ ಕೇಳುತ್ತಿದ್ದರು, ಪ್ರಸಾದ ಆಯಿತೇ ಬುದ್ಧಿ? ಬಿಲ್ಡಿಂಗಿನ ವಾಚಮನ್ನನಿಗೂ ಕೇಳುತ್ತಿದ್ದರು, ಊಟ ಆತೇನಪಾ? ಈಗ ಏನು ಮಾಡಬೇಕು? ಸುಮ್ಮನಿದ್ದರೆ ಒಂದು ಹುಡುಗಿಗೆ ಬಹುಮಾನ ಬರುತ್ತದೆ, ತಾನು ಮಾಡಿದ ಎಡವಟ್ಟು ಕಲೆಯಾಗಿ ಉಳಿಯುತ್ತದೆ. ಎಲ್ಲ ಸುಖವಾಗಿ ಮುಗಿಯುತ್ತದೆ. ಅಷ್ಟರಲ್ಲಿ ಊಟದ ವಿಚಾರಣೆ ಮುಗಿಸಿ ಬಂದ ನೀಲಾಬಾಯಿ, "ಕಾಯ್ ಝಾಲ?" ಎಂದು ಬಗ್ಗಿ ನೋಡಿ, "ಅರೇ, ಇದು ಮೇಲಿಂದ ಉದುರಿದ ಸುಣ್ಣ!" ಎಂದು ಸೆರಗಿನ ತುದಿ ಹಿಡಿದು ಒರೆಸಲು ಕೈ ಚಾಚಿದರು. ಇಬ್ಬರು ಗಂಡಸರೂ ಒಂದೇ ಉಸಿರಿಗೆ, "ಬ್ಯಾಡ್ರಿ!", "ನಕೋ ನಕೋ!" ಎಂದು ಕೂಗಿದರು. ಬಾಗಿಲಲ್ಲಿ ಕಾಯುತ್ತಿದ್ದ ವಿದ್ಯಾರ್ಥಿಗಳೆಲ್ಲ ತಿರುಗಿ ನೋಡಿದರು. "ಹೂ ಈಸ್ ರಂಜನಾ?" ಎಂದ ತಿಲಕ್.

ಬಂದವಳು ಸಣಕಲು ಹುಡುಗಿ. ಎಣ್ಣೆ ಹಚ್ಚಿದ ಜಡೆ, ಹೆಗಲಿಗೆ ಬ್ಯಾಗು. ತಿಲಕ್ ಹಿಂದಿಯಲ್ಲಿ, ಈ ಗೆರೆಗಳ ಐಡಿಯಾ ಹೇಗೆ ಬಂತು ಹೇಳಮ್ಮ, ನೋ ಡೇಟಾ ತಾನೇ, ಎಂದು ಆಸೆಯಿಂದ ಕೇಳಿದ. ಅವಳು ತನ್ನ ಚಿತ್ರವನ್ನು ತಾನೇ ಪರಕೀಯಳಂತೆ ನೋಡಿದಳು. "ನಹೀ ಸರ್. ಡೇಟಾ ಹೈ. ಮೈನೇ ಸಬ್‌ಸೇ ಪೂಛಾ. ಯೇ ಲೈನ್ ಮೇರಾ ನಹೀ" ಎಂದಳು. ಎಲ್ಲರನ್ನೂ ಕೇಳಿದ್ದಳು, ಗೆರೆ ಮಾತ್ರ ಅವಳದಲ್ಲ. ಆಮೇಲೆ ಗೆರೆಗಳಿಗೆ ಮೂಗು ಹತ್ತಿರ ತಂದು ವಾಸನೆ ನೋಡಿದಳು. ನಿಧಾನವಾಗಿ ಕತ್ತು ತಿರುಗಿಸಿ ಮಾಸ್ತರರ ಹಣೆ ನೋಡಿದಳು, ಬೆರಳು ನೋಡಿದಳು. ಅವಳ ಬಾಯಿಂದ ವಿಜಯಪುರ ಜಿಲ್ಲೆಯ ಕನ್ನಡ ಹೊರಗೆ ಬಂತು: "ಅಜ್ಜಾರ, ಇದು ಈಬತ್ತಿ ಅಲ್ಲೇನ್ರಿ?"

"ಹೌದವಾ," ಎಂದರು ಮಾಸ್ತರರು. "ನಾನ ಹಚ್ಚೀನಿ. ಬೇಕಂತ ಅಲ್ಲ. ನಮ್ಮ ಮನ್ಯಾಗ ಇಷ್ಟ ಎತ್ತರಕ್ಕ ನಮ್ಮಾಕೀ ಫೋಟೋ ಐತಿ. ಕೈಗೆ ಚಟ ಬಿದ್ದೈತಿ."

ತಿಲಕನ ಮುಖ ಗಾಳಿ ಹೋದ ಬಲೂನಿನಂತಾಯಿತು. "ಸರ್, ಅಂದ್ರೆ ನೀವು ಪೋಸ್ಟರಿಗೆ ಪೂಜೆ ಮಾಡಿದ್ದಾ?" ನೀಲಾಬಾಯಿಗೆ ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದಾಗ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಿಲಕ್ ಮಾತ್ರ ನ್ಯಾಯವಂತ. ಮಾಸ್ತರರ ಮುಂದಿದ್ದ ಅಂಕದ ಹಾಳೆಯನ್ನು ಎತ್ತಿ ಹಿಡಿದ. "ಹಾಗಾದ್ರೆ ಬ್ಯಾಕ್ ಟು ಪ್ಲೇಟ್. ಗೆರೆ ಇಲ್ಲ ಅಂದ್ರೆ ಬರೀ ತಪ್ಪು ಉಳೀತು. ಸರ್ ಕೂಡ ನಿಖರತೆಗೆ ಎರಡು ಕೊಟ್ಟಿದ್ದಾರೆ ನೋಡಿ. ತೂತು ಬೀಳುವ ಹಾಗೆ ಕೊಟ್ಟಿದ್ದಾರೆ. ಹೇಳಿ ಸರ್, ನೀವು ಡ್ರಾಯಿಂಗ್ ಮಾಸ್ತರ್ ಅಲ್ವಾ, ಕೊನೇ ತಾಟು ಆಗಬೇಕಾದ್ದಕ್ಕಿಂತ ಸಣ್ಣದಾಯ್ತು ತಾನೇ?"

ಹುಡುಗಿ ಆ ತೂತನ್ನು ನೋಡುತ್ತಿದ್ದಳು. ಹೌದು ಎಂದರೆ ಮುಗಿಯಿತು. ಲೆಕ್ಕ ಅವರ ಕಡೆಗೇ ಇತ್ತು. ಆದರೆ ಮಾಸ್ತರರ ಮನಸ್ಸು ಆ ಹಳೆಯ ಚಾರ್ಟಿನ ದಿನಕ್ಕೆ ಹೋಗಿತ್ತು. ಅಂದು ಅವರು ಅಂಟು ಹುಡುಕಿಕೊಂಡು ಅಡಿಗೆಮನೆಗೆ ಹೋಗಿದ್ದರು. ಮೈದಾ ಹಿಟ್ಟು ಕುದಿಸಿ ಚಂದ್ರವ್ವನೇ ಮಾಡಿಟ್ಟಿದ್ದ ಅಂಟು; ಸಮತೋಲ ಆಹಾರದ ಚಾರ್ಟಿಗೆ ಬೆನ್ನಪಟ್ಟಿ ಅಂಟಿಸಬೇಕಿತ್ತು. ಮನೆಯವರ ಊಟವೆಲ್ಲ ಆಗಿತ್ತು. ಅವರ ತಾಟು ತೊಳೆದು ಕುಡಿದು ಫಳಫಳ ಹೊಳೆಯುತ್ತ ಗೋಡೆಗೆ ಒರಗಿತ್ತು. ಅವಳು ಬಾಗಿಲಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪಲ್ಯ ಬೇಯಿಸಿದ ಬೋಗಾಣಿಯನ್ನು ಓರೆ ಮಾಡಿಕೊಂಡು, ರೊಟ್ಟಿಯ ಮುರುಕಿನಿಂದ ಅದರ ತಳ ಒರೆಸಿ ಒರೆಸಿ ತಿನ್ನುತ್ತಿದ್ದಳು. ಇವರ ಹೆಜ್ಜೆ ಕೇಳಿದ ಕೂಡಲೇ ಕಳ್ಳಿಯಂತೆ ಬೋಗಾಣಿಯನ್ನು ಸೆರಗಿನ ಮರೆಗೆ ಸರಿಸಿದಳು. ಅವಳೇ ಬೇಯಿಸಿದ್ದು, ಅವಳದೇ ಬೋಗಾಣಿ. "ಅಂಟು ಎಲ್ಲೈತಿ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಅದೊಂದೇ ಪ್ರಶ್ನೆ ಇರಬೇಕು. ಒಂದು ಅಗಳನ್ನೂ ಬಿಡದೆ ಉಂಡವರು ತಾವು. ಬಿಟ್ಟಿದ್ದರೆ ತಾನೇ ಅವಳಿಗೆ ಉಳಿಯುವುದು!

"ತಾಟು ಸಣ್ಣದಾಗಿಲ್ಲಪಾ," ಎಂದರು ಮಾಸ್ತರರು. "ತಾಟೇ ಇರಲಿಲ್ಲ."

"ಅಂದ್ರೆ?"

"ಎಲ್ಲಾರಿಗೂ ತಾಟು ಬರದಾಳಂತ ಆಕೀಗೂ ಒಂದು ಬರದಾಳ. ಅದು ಮರ್ಯಾದಿಗೆ ಬರದ ತಾಟು. ಆಕಿ ಉಣ್ಣೋದು ಬೋಗಾಣಿ ತಳದಾಗ. ತಪ್ಪು ಐತಿ, ಖರೆ. ಆದರ ಹೆಚ್ಚು ಬರದದ್ದಲ್ಲ, ಭಾಳ ಕಡಿಮಿ ಬರದದ್ದು."

ರಂಜನಾಳ ಮುಖ ಕೆಂಪಾಯಿತು. ಬ್ಯಾಗಿನ ಪಟ್ಟಿಯನ್ನು ತಿರುವುತ್ತ ಅಂದಳು: "ಹೌದ್ರೀ ಅಜ್ಜಾರ. ನಮ್ಮವ್ವನೂ ಬೋಗಾಣ್ಯಾಗ ಉಣ್ತಾಳ್ರಿ. ಓಣ್ಯಾಗ ಕೇಳಿದಾಗ ಎಲ್ಲಾ ಮನ್ಯಾಗೂ ಹಂಗ ಹೇಳಿದರು. ಕಾಲೇಜಿನ್ಯಾಗ ಎಲ್ಲಾರೂ ನೋಡ್ತಾರಂತ ನಾಚಿಕಿ ಬಂತು. ಅದಕ್ಕ ನಾನ ತಾಟು ಹಾಕಿದ್ನಿ."

ನೀಲಾಬಾಯಿಯ ನಗು ನಿಂತಿತ್ತು. "ತಿದ್ದಲಿ ಬಿಡಿ" ಎಂದರು ಅವರು ಮರಾಠಿಯಲ್ಲಿ. ತಿಲಕ್ ತಲೆ ಕೆರೆದುಕೊಂಡು, "ರೂಲ್ಸ್ ಉಂಟು ಮ್ಯಾಡಮ್, ಕೊಟ್ಟ ಮೇಲೆ ಮುಟ್ಟಬಾರದು" ಎಂದ. "ರೂಲ್ಸ್! ಮಾಸ್ತರಾಂನೀ ಭಸ್ಮ ಲಾವಲ, ತೇ ಚಾಲತ?" ಮಾಸ್ತರರು ಭಸ್ಮ ಹಚ್ಚಿದ್ದು ನಡೆಯುತ್ತದೆ, ಪಾಪದ ಹುಡುಗಿ ಒಂದು ಬೋಗಾಣಿ ಬರೆದರೆ ಯಾವ ಕಾಯಿದೆ ಮುರಿದೀತು? ತಿಲಕನೇ ಮೊದಲು ಹಲಗೆಗೆ ಕೈ ಹಾಕಿದ. ಹಾಳೆಯನ್ನು ಹಲಗೆಯಿಂದ ಇಳಿಸಿ ನೆಲದ ಮೇಲೆ ಹಾಸಿದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹಾಳೆಯ ತುದಿ ಪಟಪಟ ಹಾರಿತು. ಮಾಸ್ತರರು ಕೊಡೆಯನ್ನು ಕಂಬಕ್ಕೆ ಒರಗಿಸಿ, ಮೊಣಕಾಲು ಲಟಕ್ಕೆನ್ನಿಸುತ್ತ ನೆಲಕ್ಕೆ ಕೂತು, ಎರಡೂ ಅಂಗೈಗಳಿಂದ ಹಾಳೆಯ ತುದಿಯನ್ನು ಒತ್ತಿ ಹಿಡಿದರು. ಹುಡುಗಿ ಕೊನೆಯ ತಾಟಿನ ಮೇಲೆ ಬಿಳಿಯ ಚೀಟಿ ಅಂಟಿಸಿ, ಅದರ ಮೇಲೆ ಓರೆಯಾದ ಒಂದು ಬೋಗಾಣಿ ಬರೆದಳು. ಇಲ್ಲಿ ಕೂತು ನೋಡಿದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಬಾಳೆಹಣ್ಣು ದೊಡ್ಡದಾಗಿದೆಯೆಂದು ಚಂದ್ರವ್ವ ತಲೆಕೆಳಗಾದ ಚಿತ್ರವನ್ನು ನೋಡಿಯೇ ಹೇಳಿದ್ದಳಲ್ಲ! "ರೊಟ್ಟಿ ಮುರುಕು ಒಂದು ಹಾಕವಾ," ಎಂದರು. "ಸಣ್ಣದು." ಹಣೆಯ ಮೇಲಿನ ಗೆರೆಗಳನ್ನು ಏನು ಮಾಡಲಿ ಎಂದು ಅವಳು ಕೇಳಿದಳು. "ನಿನ್ನ ಚಿತ್ರ. ನಿನ್ನ ಇಚ್ಛಾ." ಅವಳು ಒರೆಸಲಿಲ್ಲ.

ಅಂಕ ಕೂಡಿಸಿದಾಗ ಮೊದಲ ಬಹುಮಾನ ಅನ್ನ ಪೋಲಿನ ಖಾಲಿ ತಾಟಿಗೇ ಹೋಯಿತು. ಯೋಚಿಸದೆ ಸಾಲಾಗಿ ಕೊಟ್ಟ ಹತ್ತುಗಳು ತಮ್ಮ ಕೆಲಸ ಮಾಡಿದ್ದವು. ಮಾಸ್ತರರು ರಂಜನಾಳ ಎರಡನ್ನು ಹೊಡೆದು ಒಂಬತ್ತು ಮಾಡಿದರೂ, ತಿಲಕ್ ನಿಖರತೆಯಲ್ಲಿ ಧಾರಾಳನಾದರೂ ಅವಳು ಎರಡನೆಯವಳಾಗಿ ಉಳಿದಳು. ಒಂಬತ್ತೇ ಯಾಕೆ ಎಂದು ತಿಲಕ್ ಕೇಳಿದ್ದಕ್ಕೆ, "ಬೋಗಾಣಿ ಕಿವಿ ಸ್ವಲ್ಪ ಸೊಟ್ಟಾಗೇತಿ" ಎಂದರು. ಮಾಸ್ತರಿಕೆ ಸಾಯುವವರೆಗೂ ಬಿಡುವುದಿಲ್ಲ. ಹುಡುಗಿಗೆ ಬೇಸರವಾದಂತೆ ಕಾಣಲಿಲ್ಲ. ಅವಳು ಚಿತ್ರದ ಫೋಟೋ ತೆಗೆದು ಯಾರಿಗೋ ಕಳಿಸುತ್ತಿದ್ದಳು. ಮೊದಲ ಬಹುಮಾನದ ಹುಡುಗ ಮಾತ್ರ, ಊಟದ ಕೊನೆಗೆ ಮಾಸ್ತರರು ತಾಟು ತೊಳೆದು ಕುಡಿಯುವುದನ್ನು ಕಂಡು, "ಸರ್, ಝೀರೋ ವೇಸ್ಟ್! ಒಂದು ಫೋಟೋ, ಪ್ಲೀಸ್" ಎಂದು ಬೆನ್ನುಹತ್ತಿದ. ಮಾಸ್ತರರು ತಾಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಪಾರಾದರು.

ಸಂಜೆ ಬೊರಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಸೋನಾಲಿ ಬಂದು ಸೇರಿಕೊಂಡಳು. ಬಿಸಿಲಿಗೆ ಮುಖ ಬಾಡಿತ್ತು. "ಕಸ ಝಾಲ ಅಪ್ಪಾ? ಮಜಾ ಬಂತು?" ಮಾಸ್ತರರು ಕೆಮ್ಮಿದರು. ಸುಲಭದ ಮಾತು, ದಿನಾ ವಾಚಮನ್ನನಿಗೆ ಆಡುವ ಮಾತು. "ನೀ ಉಂಡಿಯೇನವಾ?" ಎಂದರು.

ಮದುವೆಯಾಗಿ ಬಂದಾಗಿನಿಂದ ಈ ಬಾಯಿಂದ ಈ ಪ್ರಶ್ನೆಯನ್ನು ಸೋನಾಲಿ ಕೇಳಿರಲಿಲ್ಲ. "ಅಪ್ಪಾ! ಕಾಯ್ ಹೋತಯ? ತಲೆ ತಿರುಗತದೆ? ಬಿಪಿ ಗೋಳಿ ತಗೊಂಡ್ರಿ ನಾ?" ಎಂದು ಅವರ ಹಣೆಗೆ ಅಂಗೈ ಒತ್ತಿದಳು, ನಾಡಿ ಹಿಡಿದಳು, ನಾಲಗೆ ತೋರಿಸಿ ಎಂದಳು. "ನನಗೇನೂ ಆಗಿಲ್ಲ. ಕೇಳಿದ್ದಕ್ಕ ಹೇಳು." "ಕೇವ್ಹಾಚ್, ಯಾವಾಗಲೋ ಉಂಡೆ! ನೀವು ಜಡ್ಜಿಂಗ್ ಮಾಡುವಾಗಲೇ. ಹಸಿವಾದ್ರೆ ನಾ ನಿಲ್ಲೋದಿಲ್ಲ, ನಿಮಗೆ ಗೊತ್ತು ನಾ." "ಛಲೋ ಮಾಡಿದಿ," ಎಂದರು ಮಾಸ್ತರರು. "ಭಾಳ ಛಲೋ ಮಾಡಿದಿ." ಇದನ್ನು ಕೇಳಿ ಆಕೆ ಪೂರ್ತಿ ಹೆದರಿದಳು. ಗಂಡನಿಗೆ ಫೋನು ಮಾಡಿದಳು. ಬೈಕುಲ್ಲಾದ ವರ್ಕ್‌ಶಾಪಿನ ಸದ್ದಿನಲ್ಲಿ ಗುರುಬಸವನಿಗೆ ಏನೂ ಕೇಳಿಸಲಿಲ್ಲ. ಲೇಡೀಸ್ ಡಬ್ಬಿಗೆ ಹೋಗಲು ಒಪ್ಪದೆ ಮಾವನ ಜೊತೆ ಜನರಲ್ ಡಬ್ಬಿಗೇ ಏರಿದಳು. ಬಾಗಿದ ಮುದುಕನ ಚಿತ್ರದ ಕೆಳಗೆ ಕುಳಿತಿದ್ದವನಿಗೆ, "ಉಠೋ ಭಾಯಿ, ಇನಕೀ ತಬಿಯತ್ ಠೀಕ್ ನಹೀ" ಎಂದಳು. ಮಾಸ್ತರರು ಬಾಗದೆಯೇ ಕುಳಿತರು.

ಆಕೆ ಮತ್ತೊಮ್ಮೆ ಅವರ ಹಣೆ ಮುಟ್ಟಿ ಕೈ ತೆಗೆದಾಗ ಅಂಗೈಯೆಲ್ಲ ಬಿಳಿಯಾಗಿತ್ತು. "ಸಾರಿ ಅಪ್ಪಾ, ನಿಮ್ಮ ವಿಭೂತಿ ಪೂರಾ ಪುಸಲ ಗೇಲ, ಅಳಿಸಿ ಹೋಯ್ತು." "ಇರಲಿ ಬಿಡವಾ. ಇವತ್ತ ಅದಕ್ಕ ತಿರಗಾಟ ಭಾಳ ಆತು." ಗಾಡಿ ಹೊರಟಿತು. ಮಾಸ್ತರರು ಕೇಳಿದರು: "ಏನೇನ ಉಂಡಿ?"

"ಅಪ್ಪಾ!"

"ಹೇಳು. ಎಲ್ಲಾ ಹೇಳು."

ಸೋನಾಲಿ ಡಬ್ಬಿಯ ಜನರನ್ನೊಮ್ಮೆ ನೋಡಿ, ಹುಚ್ಚರೊಡನೆ ಮಾತಾಡುವ ಎಚ್ಚರದಿಂದ, ಬೆರಳು ಮಡಿಸುತ್ತ ಶುರು ಮಾಡಿದಳು: ಚಪಾತಿ, ಬೆಂಡೆಕಾಯಿ ಭಾಜಿ, ನೀಲಾಬಾಯಿ ಒತ್ತಾಯ ಮಾಡಿ ಹಾಕಿದ ಶ್ರೀಖಂಡ, ಮೇಲೆ ವರಣ್ ಭಾತ್ ಎಂಬ ಬೇಳೆ ಅನ್ನ, ತುಪ್ಪ. ಕಾಂದಿವಲಿ ದಾಟಿತು. ಮಾಸ್ತರರು ಕಣ್ಣು ಮುಚ್ಚಿ, ಮಠದಲ್ಲಿ ಪುರಾಣ ಕೇಳುವವರಂತೆ ಕೇಳುತ್ತಿದ್ದರು. ಆಕೆ ನಿಲ್ಲಿಸಿದಾಗ ಕಣ್ಣು ತೆರೆಯದೆಯೇ ಅಂದರು:

"ಮತ್ತ?"